ಒಂದೇ ಕೈಯಲ್ಲಿ ನದಿ ಗೆದ್ದ ಮೇಷ್ಟ್ರು, ನೀರಿನ ಲೆಕ್ಕ ಹೇಳಿ ಸೋತರು

ಬಲಗೈ ಅರ್ಧ ಇಲ್ಲ. ಡಿಗ್ರಿ ಸರ್ಟಿಫಿಕೇಟೂ ಇಲ್ಲ. ಆದ್ರೂ ಕಾಲೇಜಿನಲ್ಲಿ ಭೂವಿಜ್ಞಾನದ ಪ್ರೊಫೆಸರ್ ಆದರು. ನಕಾಶೆಯಲ್ಲಿ ಖಾಲಿ ಬಿಟ್ಟಿದ್ದ ಕಣಿವೆಯನ್ನ ಮರದ ದೋಣಿಯಲ್ಲಿ ದಾಟಿ ಬಂದರು. ಅಷ್ಟೆಲ್ಲಾ ಮಾಡಿದ ಮನುಷ್ಯ, ಇರೋ ನೀರು ಇಷ್ಟೇ ಅಂತ ಲೆಕ್ಕ ಹೇಳಿದ್ದಕ್ಕೆ ತುಂಬಿದ ಸಭೆಯಲ್ಲಿ ಕೂಗಿಸಿಕೊಂಡರು.

ಇದು ಅಮೆರಿಕದ ಜಾನ್ ವೆಸ್ಲಿ ಪೊವೆಲ್ ಅವರ ಕಥೆ.

ಕಲ್ಲೇಟು ತಿಂದ ಹುಡುಗ

ಪೊವೆಲ್ ಹುಟ್ಟಿದ್ದು 1834ರ ಮಾರ್ಚ್ 24ರಂದು, ನ್ಯೂಯಾರ್ಕ್ ರಾಜ್ಯದ ಮೌಂಟ್ ಮಾರಿಸ್‌ನಲ್ಲಿ. ತಂದೆ ಇಂಗ್ಲೆಂಡಿನಿಂದ ಬಂದ ಕ್ರೈಸ್ತ ಬೋಧಕರು, ಗುಲಾಮಗಿರಿಯ ಕಡು ವಿರೋಧಿ. ಆ ಕಾಲಕ್ಕೆ ಇದು ಊರ ದ್ವೇಷ ಕಟ್ಟಿಕೊಳ್ಳೋ ಮಾತು. ಓಹಿಯೋದ ಜಾಕ್ಸನ್ ಊರಿನಲ್ಲಿ ಶಾಲೆ ಹುಡುಗರು ಮಗನಿಗೆ ಕಲ್ಲು ಹೊಡೆದರು. ಶಾಲೆ ಬಿಡಿಸಿದ ಮೇಲೆ ಪಾಠ ಹೇಳಿಕೊಟ್ಟವರು ಪಕ್ಕದ ರೈತ ಜಾರ್ಜ್ ಕ್ರುಕಮ್. ಆತನೂ ಸ್ವಂತ ಓದಿನಿಂದಲೇ ಕಲಿತವನು. ಕಲ್ಲು, ಗಿಡ, ಹುಳುಗಳನ್ನ ನೋಡೋದು ಹೇಗೆ ಅಂತ ಹುಡುಗ ಕಲಿತಿದ್ದು ಅವನ ಜೊತೆ ಸುತ್ತಾಡಿಯೇ.

ಮುಂದೆ ಮೂರು ಕಾಲೇಜು ಸೇರಿದರು, ಒಂದರಲ್ಲೂ ಡಿಗ್ರಿ ಮುಗಿಸಲಿಲ್ಲ. ನಾನೂ ಡಿಗ್ರಿ ಅರ್ಧಕ್ಕೆ ಬಿಟ್ಟವನೇ, ಹಾಗಾಗಿ ಈ ಸಾಲು ಓದಿದಾಗ ಸ್ವಲ್ಪ ಧೈರ್ಯ ಬಂತು. ಆದ್ರೆ ಅವರು ಸುಮ್ಮನೆ ಕೂರಲಿಲ್ಲ. ಹಳ್ಳಿ ಶಾಲೆಯಲ್ಲಿ ಮೇಷ್ಟ್ರಾಗಿ ಸಂಬಳ ತಗೊಂಡು, ರಜೆಯಲ್ಲಿ ದೋಣಿ ಹತ್ತಿದರು. 1856ರಲ್ಲಿ ಮಿಸಿಸಿಪ್ಪಿ ನದಿಯನ್ನ ಸಮುದ್ರದವರೆಗೂ ಇಳಿದರು. ಮರುವರ್ಷ ಓಹಿಯೋ ನದಿ. ದಾರಿಯುದ್ದಕ್ಕೂ ಚಿಪ್ಪು, ಕಲ್ಲು ಆರಿಸೋದೇ ಕೆಲಸ.

ಶೈಲೋ ಯುದ್ಧ

1861ರಲ್ಲಿ ಅಂತರ್ಯುದ್ಧ ಶುರುವಾಯ್ತು. ಪೊವೆಲ್ ಗುಲಾಮಗಿರಿ ವಿರುದ್ಧದ ಉತ್ತರದ ಸೈನ್ಯ ಸೇರಿದರು. 1862ರ ಏಪ್ರಿಲ್ 6ರಂದು ಶೈಲೋದಲ್ಲಿ ತೋಪು ಹಾರಿಸಲು ಸನ್ನೆ ಕೊಡೋಕೆ ಬಲಗೈ ಎತ್ತಿದಾಗ ಗುಂಡು ಬಡಿಯಿತು. ಮೊಣಕೈ ಕೆಳಗಿನಿಂದ ಕೈ ಕತ್ತರಿಸಬೇಕಾಯ್ತು. ಆ ನೋವು ಸಾಯೋವರೆಗೂ ಬಿಡಲಿಲ್ಲ. ಆದ್ರೂ ಗಾಯ ಮಾಗಿದ ಮೇಲೆ ಸೈನ್ಯಕ್ಕೇ ವಾಪಸ್ ಹೋಗಿ ಮೇಜರ್ ಆದರು.

ಯುದ್ಧ ಮುಗಿದ 1865ರಲ್ಲೇ ಇಲಿನಾಯ್ ವೆಸ್ಲಿಯನ್ ಯೂನಿವರ್ಸಿಟಿ ಅವರನ್ನ ಭೂವಿಜ್ಞಾನದ ಪ್ರೊಫೆಸರ್ ಮಾಡಿತು. ಪಾಠ ಕೋಣೆಯೊಳಗೇ ಮುಗಿಯಬಾರದು ಅಂತ ವಿದ್ಯಾರ್ಥಿಗಳನ್ನ ರಾಕಿ ಬೆಟ್ಟಗಳಿಗೆ ಕರ್ಕೊಂಡು ಹೋದರು. ಅಲ್ಲಿಂದಲೇ ಕೊಲೊರಾಡೊ ನದಿಯ ಹುಚ್ಚು ಹಿಡೀತು.

ಹತ್ತು ಜನ, ನಾಲ್ಕು ದೋಣಿ

1869ರ ಮೇ 24. ವಯೋಮಿಂಗ್‌ನ ಗ್ರೀನ್ ರಿವರ್ ಸ್ಟೇಷನ್ನಿನಿಂದ ಹತ್ತು ಜನ ಹೊರಟರು. ಹತ್ತು ತಿಂಗಳಿಗೆ ಆಗುವಷ್ಟು ದಿನಸಿ ಇತ್ತು. ಮುಂದಿನ ದೋಣಿಗೆ ಹೆಂಡತಿ ಎಮ್ಮಾ ಡೀನ್ ಹೆಸರು. ಎರಡು ವಾರ ಕಳೆದಿತ್ತಷ್ಟೇ, ಒಂದು ದೋಣಿ ಬಂಡೆಗೆ ಬಡಿದು ಚೂರಾಯ್ತು, ಜೊತೆಗೆ ಬಹಳಷ್ಟು ದಿನಸಿ ಹೋಯ್ತು. ಉಳಿದ ಹಿಟ್ಟು ನೆನೆದು ಮುಗ್ಗಲು ಹಿಡೀತು, ಮಾಂಸ ಕೆಟ್ಟಿತು.

ಒಂದು ದಿನ ಪೊವೆಲ್ ಬಂಡೆ ಹತ್ತಲು ಹೋಗಿ ಸಿಕ್ಕಿಕೊಂಡರು. ಇರೋ ಒಂದು ಕೈ ಬಂಡೆ ಹಿಡಿದಿದೆ, ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಮೇಲಿದ್ದ ಸಂಗಾತಿ ಬ್ರಾಡ್ಲಿ ತನ್ನ ಒಳಚಡ್ಡಿ ಬಿಚ್ಚಿ ಇಳಿಬಿಟ್ಟ. ಪೊವೆಲ್ ಬಂಡೆ ಬಿಟ್ಟು ಅದನ್ನೇ ಹಿಡಿದು ಬದುಕಿದರು.

ಒಬ್ಬ ಮೊದಲೇ ತಂಡ ಬಿಟ್ಟಿದ್ದ. ಆಗಸ್ಟ್ 28ರಂದು ಗ್ರ್ಯಾಂಡ್ ಕ್ಯಾನಿಯನ್ ಒಳಗೆ ಭಾರೀ ರಭಸದ ಜಾಗ ಬಂದಾಗ ಮೂವರು ಸಾಕಪ್ಪಾ ಸಾಕು ಅಂತ ಕಣಿವೆ ಹತ್ತಿ ಹೊರಟರು. ಅವರು ಮೇಲೆ ಎಲ್ಲೋ ಕೊಲೆಯಾದರು. ಉಳಿದ ಆರು ಜನ ನದಿಯಲ್ಲೇ ಮುಂದುವರೆದು ಎರಡೇ ದಿನದಲ್ಲಿ ಕ್ಷೇಮವಾಗಿ ಹೊರಬಂದರು.

1871ರಲ್ಲಿ ಮತ್ತೆ ಹೋದರು. ಈ ಸಲ ದೋಣಿ ಮೇಲೆ ಕುರ್ಚಿ ಕಟ್ಟಿಸಿ ಅದರಲ್ಲಿ ಕೂತೇ ನದಿ ನೋಡಿದರು. ಬೆಟ್ಟ ಏಳೋದಕ್ಕೂ ಮೊದಲೇ ನದಿ ಇತ್ತು, ನೆಲ ನಿಧಾನಕ್ಕೆ ಮೇಲೆದ್ದ ಹಾಗೆ ನೀರು ಗರಗಸದ ತರ ಅದನ್ನ ಕೊಯ್ಯುತ್ತಾ ಹೋಯ್ತು ಅನ್ನೋದು ಅವರ ವಿವರಣೆ. ಅದರಲ್ಲಿ ಕೆಲವನ್ನ ಮುಂದಿನವರು ತಿದ್ದಿದರು. ಆದ್ರೆ ನೀರು ನೆಲವನ್ನ ಹೇಗೆ ಕೆತ್ತುತ್ತೆ ಅಂತ ಓದುವವರು ಈಗಲೂ ಅವರ ಪದಗಳನ್ನೇ ಬಳಸ್ತಾರೆ.

ಯಾರಿಗೂ ಬೇಡವಾದ ಲೆಕ್ಕ

ಇಲ್ಲಿವರೆಗೂ ಅವರು ಹೀರೋ. ಕಷ್ಟ ಶುರುವಾಗಿದ್ದು ಆಮೇಲೆ.

ಆಗ ಸರ್ಕಾರ ಪಶ್ಚಿಮಕ್ಕೆ ಹೋಗಿ ನೆಲೆಸುವವರಿಗೆ 160 ಎಕರೆ ಜಮೀನು ಕೊಡ್ತಿತ್ತು. ಉತ್ತರೆ ಹೊಡೆದರೆ ಮಳೆ ತಾನಾಗೇ ಹಿಂದೆ ಬರುತ್ತೆ ಅಂತ ಜಮೀನು ಮಾರುವವರು ನಂಬಿಸ್ತಿದ್ದರು. ಪೊವೆಲ್ 1878ರ ವರದಿಯಲ್ಲಿ ಬೇರೆಯದೇ ಹೇಳಿದರು. ವರ್ಷಕ್ಕೆ 20 ಇಂಚಿಗಿಂತ ಕಡಿಮೆ ಮಳೆ ಬೀಳೋ ಕಡೆ ನೀರಾವರಿ ಇಲ್ಲದೆ ಬೆಳೆ ನಂಬೋ ಹಾಗಿಲ್ಲ. ಯೂಟಾದಲ್ಲಿ ನೀರು ಹಾಯಿಸೋಕಾಗೋದು 100 ಎಕರೆಗೆ 3 ಎಕರೆಗೂ ಕಡಿಮೆ. ನೀರಾವರಿ ಇದ್ದರೆ ಒಂದು ಮನೆಗೆ 80 ಎಕರೆ ಸಾಕು. ಬರೀ ಮೇವಿನ ನೆಲವಾದರೆ 2,560 ಎಕರೆ ಬೇಕು. ನೀರಿನ ಹಕ್ಕು ಜಮೀನಿನ ಜೊತೆಗೇ ಇರಬೇಕು, ನೀರನ್ನೇ ಬೇರೆ ಮಾಡಿ ಯಾರೋ ಒಬ್ಬರು ಕೈಗೆ ಹಾಕಿಕೊಳ್ಳಬಾರದು. ಮುಂದೆ ಇನ್ನೊಂದು ಮಾತೂ ಸೇರಿಸಿದರು: ಗಡಿಗಳನ್ನ ಸ್ಕೇಲ್ ಇಟ್ಟು ಗೆರೆ ಎಳೆಯೋದಲ್ಲ, ಮಳೆ ನೀರು ಯಾವ ಹೊಳೆಗೆ ಹರಿಯುತ್ತೋ ಅದರ ಪ್ರಕಾರ ಜನ ಕೂಡಿ ಬಾಳಬೇಕು.

1881ರಲ್ಲಿ ಅವರು ಅಮೆರಿಕದ ಭೂವಿಜ್ಞಾನ ಸರ್ವೆ ಇಲಾಖೆಯ ನಿರ್ದೇಶಕರಾದರು. ಬುಡಕಟ್ಟು ಜನರ ಭಾಷೆ, ಪದ್ಧತಿ ದಾಖಲಿಸೋ ಕಚೇರಿಗೂ ಅವರೇ ಮುಖ್ಯಸ್ಥರು. ಆ ಜನರ ಭಾಷೆ ಕಲಿತು ಮರ್ಯಾದೆಯಿಂದ ಮಾತಾಡಿದವರು ನಿಜ. ಆದ್ರೆ ಅವರು ಹಳೆ ಬದುಕು ಬಿಟ್ಟು ಸರ್ಕಾರ ತೋರಿಸಿದ ಜಾಗದಲ್ಲಿ ನೆಲೆಸಬೇಕು ಅನ್ನೋದೂ ಅವರದೇ ನಿಲುವು. ಇದನ್ನೂ ಹೇಳಬೇಕು.

1888ರಲ್ಲಿ ನೀರಾವರಿ ಸರ್ವೆ ಕೆಲಸ ಸಿಕ್ಕಿತು. ಸರ್ವೆ ಮುಗಿಯೋವರೆಗೂ ಜಮೀನು ಹಂಚಿಕೆ ನಿಂತಿದ್ದಕ್ಕೆ ರಾಜಕಾರಣಿಗಳು ಸಿಟ್ಟಾದರು. 1890ರಲ್ಲಿ ದುಡ್ಡೇ ನಿಲ್ಲಿಸಿದರು. 1893ರಲ್ಲಿ ಲಾಸ್ ಏಂಜಲೀಸ್‌ನ ನೀರಾವರಿ ಸಮಾವೇಶದಲ್ಲಿ, ಇಷ್ಟು ಜಮೀನಿಗೆ ನೀರು ಸಾಲಲ್ಲ, ಮುಂದೆ ಜಗಳ, ಕೋರ್ಟು ಕಚೇರಿ ತಪ್ಪಿದ್ದಲ್ಲ ಅಂದುಬಿಟ್ಟರು. ಸಭೆ ಬೋ ಅಂತ ಕೂಗಿತು. ಮರುವರ್ಷ ಸರ್ವೆ ಇಲಾಖೆಯ ಹುದ್ದೆ ಬಿಟ್ಟರು. 1902ರ ಸೆಪ್ಟೆಂಬರ್ 23ರಂದು ತೀರಿಕೊಂಡರು.

ಆಮೇಲೆ ಏನಾಯ್ತು? 1922ರಲ್ಲಿ ರಾಜ್ಯಗಳು ಕೊಲೊರಾಡೊ ನದಿ ನೀರು ಹಂಚಿಕೊಂಡವು. ಮಳೆ ಚೆನ್ನಾಗಿ ಬಿದ್ದ ವರ್ಷಗಳ ಲೆಕ್ಕ ಹಿಡಿದು ಹಂಚಿದ್ದರಿಂದ, ನದಿಯಲ್ಲಿ ಇರೋದಕ್ಕಿಂತ ಕಾಗದದ ಮೇಲಿನ ನೀರೇ ಜಾಸ್ತಿ ಆಯ್ತು. ಜಗಳ ಇನ್ನೂ ಮುಗಿದಿಲ್ಲ. ಅದೇ ನದಿಗೆ ಅಡ್ಡ ಕಟ್ಟಿದ ದೊಡ್ಡ ಜಲಾಶಯಕ್ಕೆ ಲೇಕ್ ಪೊವೆಲ್ ಅಂತ ಅವರದೇ ಹೆಸರು ಇಟ್ಟಿದ್ದಾರೆ. 2023ರ ಶುರುವಿನಲ್ಲಿ ಅದರಲ್ಲಿ ಕಾಲು ಭಾಗದಷ್ಟೂ ನೀರಿರಲಿಲ್ಲ.

ಹೆಸರು ಇಟ್ಟುಕೊಂಡರು. ಲೆಕ್ಕ ಮಾತ್ರ ಕೇಳಲಿಲ್ಲ.