ಗಾಳಿಯಿಲ್ಲದೆ ಬಾಳುವ ಜೀವಿಗಳನ್ನು ಕಂಡ ಲೂಯಿ ಪಾಶ್ಚರ್

ಗುಂಡ್ಲುಪೇಟೆಯಿಂದ ಬಂಡೀಪುರದ ಅರಣ್ಯವನ್ನು ದಾಟಿ ನೀಲಗಿರಿಯನ್ನೇರಿದವರಿಗೆ, ಕೂನೂರಿನಲ್ಲಿ 1907ನೆಯ ಇಸವಿಯಲ್ಲಿ ಸ್ಥಾಪಿತವಾದ ಪಾಶ್ಚರ್ ಸಂಸ್ಥೆಯು ಕಾಣಸಿಗುತ್ತದೆ. ಆ ಹೆಸರಿನ ಮಹನೀಯನನ್ನು ಹುಚ್ಚುನಾಯಿಯ ವಿಷಕ್ಕೆ ಮದ್ದು ಕಂಡವನೆಂದು ಎಲ್ಲರೂ ಬಲ್ಲರು. ಹರದನಹಳ್ಳಿಯ ಸುತ್ತಣ ಬೇಸಾಯದ ಮನೆಗಳಿಂದ ಬರುವ ನಮ್ಮ ವಿದ್ಯಾರ್ಥಿನಿಯರೂ ಅವರ ತಾಯಿತಂದೆಗಳೂ ಅವನ ಮತ್ತೊಂದು ಉಪಕಾರವನ್ನು ಅರಿಯುವುದು ಉಚಿತವೆಂದು ಎಣಿಸಿ ಈ ಸಂಕ್ಷಿಪ್ತ ಚರಿತ್ರೆಯನ್ನು ಬರೆಯುತ್ತೇವೆ.

ಲೂಯಿ ಪಾಶ್ಚರನು 1822ನೆಯ ಇಸವಿ ಡಿಸೆಂಬರ್ 27ನೆಯ ತಾರೀಖು ಫ್ರಾನ್ಸ್ ದೇಶದ ಡೋಲ್ ಪಟ್ಟಣದಲ್ಲಿ ಜನಿಸಿದನು. ತಂದೆಯು ತೊಗಲು ಹದಮಾಡಿ ಜೀವಿಸುವವನಾಗಿದ್ದನು. 1849ರಲ್ಲಿ ಪಾಶ್ಚರನು ಮರೀ ಲೋರಾನ್ ಎಂಬಾಕೆಯನ್ನು ವಿವಾಹವಾದನು. ಈಕೆಯು ಮನೆವಾರ್ತೆಯನ್ನು ನಡೆಸುತ್ತಲೇ ಪತಿಯು ಹೇಳಿದ್ದನ್ನು ಬರೆದುಕೊಟ್ಟು ಅವನ ಕಾರ್ಯಕ್ಕೆ ನೆರವಾದಳು. ಐವರು ಮಕ್ಕಳಲ್ಲಿ ಮೂವರು ಎಳೆಯ ಪ್ರಾಯದಲ್ಲಿಯೇ ತೀರಿಕೊಂಡರೂ ಆ ದಂಪತಿಗಳು ಎದೆಗುಂದಲಿಲ್ಲ.

ಗಾಳಿಯಿಲ್ಲದೆ ಯಾವ ಜೀವವೂ ಬಾಳದೆಂದು ಆ ಕಾಲದ ಪಂಡಿತರು ನಂಬಿದ್ದರು. 1861ರಲ್ಲಿ ಪಾಶ್ಚರನು, ಕಮಟು ಬೆಣ್ಣೆಯ ವಾಸನೆ ಹುಟ್ಟುವಂತೆ ಹುಳಿತ ದ್ರವದ ಹನಿಯೊಂದನ್ನು ಗಾಜಿನ ಬಿಲ್ಲೆಗಳ ನಡುವೆ ಇಟ್ಟು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿದನು. ಹನಿಯ ನಡುವೆ ಅಣುಜೀವಿಗಳು ಚುರುಕಾಗಿ ಚಲಿಸುತ್ತಿದ್ದವು. ಗಾಳಿ ತಾಕುವ ಅಂಚಿನಲ್ಲಿದ್ದವು ನಿಶ್ಚಲವಾಗಿದ್ದವು. ಇವುಗಳಿಗೆ ಗಾಳಿಯು ಬೇಡದ್ದು ಮಾತ್ರವಲ್ಲ, ಮಾರಕವೂ ಹೌದೆಂದು ಅವನು ನಿರ್ಣಯಿಸಿದನು. ಇತರರು ಕಡೆಗಣಿಸಬಹುದಾಗಿದ್ದ ಹನಿಯ ಅಂಚನ್ನು ಅವನು ತಾಳ್ಮೆಯಿಂದ ನೋಡಿದುದೇ ಈ ಲಾಭಕ್ಕೆ ಕಾರಣವಾಯಿತು.

1868ರಲ್ಲಿ ಪಾರ್ಶ್ವವಾಯು ಬಡಿದು ಅವನ ಎಡಭಾಗವು ಸ್ವಾಧೀನ ತಪ್ಪಿತು. ಆದರೂ ಅವನು ದುಡಿಮೆಯನ್ನು ಬಿಡಲಿಲ್ಲ. 1885ರಲ್ಲಿ ಹುಚ್ಚುನಾಯಿ ಕಚ್ಚಿದ ಬಾಲಕನೊಬ್ಬನಿಗೆ ಮದ್ದು ಚುಚ್ಚಿಸಿದನು. 1895ನೆಯ ಇಸವಿ ಸೆಪ್ಟೆಂಬರ್ 28ರಂದು ಕಾಲವಶನಾದನು.

ಅವನು ಕಾಣದ ವಿಷಗಳು ತರುವಾಯ ಬಳಕೆಗೆ ಬಂದವು. ಡಿ.ಡಿ.ಟಿ., ಬಿ.ಎಚ್.ಸಿ. ಮುಂತಾದ ಕ್ಲೋರಿನ್ ಬೆರೆತ ಪುಡಿಗಳು ಹೊಲದಿಂದ ಮಳೆನೀರಿನೊಡನೆ ಹರಿದು ಕೆರೆಯ ಹೂಳಿನಲ್ಲಿ ತಂಗುತ್ತವೆ. ಗಾಳಿ ಸುಳಿಯದ ಆ ಕೆಸರಿನಲ್ಲಿರುವ ಕೆಲವು ಅಣುಜೀವಿಗಳು ಇಂಥ ವಿಷಗಳಿಂದ ಕ್ಲೋರಿನ್ ಅಂಶವನ್ನು ಒಂದೊಂದಾಗಿ ಕಿತ್ತುಹಾಕುತ್ತವೆ. ನಾವು ಪ್ರಾಣವಾಯುವನ್ನು ಬಳಸುವಂತೆ ಅವುಗಳಲ್ಲಿ ಕೆಲವು ಆ ವಿಷವನ್ನೇ ಉಸಿರಾಟಕ್ಕೆ ಬಳಸುತ್ತವೆ. ನೀರು ನಿಂತ ಗದ್ದೆಯ ಮಣ್ಣಿನಲ್ಲಿ ಬಿ.ಎಚ್.ಸಿ.ಯು ಒಣಮಣ್ಣಿಗಿಂತ ಬೇಗನೆ ಕ್ಷಯಿಸುತ್ತದೆಂದು ವಿಜ್ಞಾನಿಗಳು ಕಂಡಿದ್ದಾರೆ. ಬಟ್ಟೆಗಳ ಜಿಡ್ಡು ತೆಗೆಯಲು ಬಳಸುವ ಕ್ಲೋರಿನ್ ದ್ರವವೊಂದನ್ನು ಪೂರ್ತಿಯಾಗಿ ನಿರ್ವಿಷಗೊಳಿಸುವ ಅಣುಜೀವಿಯನ್ನು 1997ರಲ್ಲಿ ಅಮೇರಿಕದವರು ಪ್ರಕಟಿಸಿದರು.

ಆದರೆ ಈ ಕೆಲಸವು ಬಹು ನಿಧಾನವಾದುದು. ನಡುವೆ ನಿಂತುಹೋದರೆ ಮೊದಲಿನದಕ್ಕಿಂತ ಕೇಡಿನ ವಸ್ತುವು ಉಳಿಯುವುದೂ ಉಂಟು. ಆದುದರಿಂದ ಕೆಸರು ಎಲ್ಲವನ್ನೂ ನುಂಗಿಕೊಳ್ಳುವುದೆಂದು ನೆಮ್ಮದಿಯಿಂದಿರಲಾಗದು. ಕೀಟನಾಶಕದ ಡಬ್ಬಿಗಳನ್ನು ಕೆರೆಯಲ್ಲಿ ತೊಳೆಯದಿರುವುದು ಎಳೆಯರೂ ಪಾಲಿಸಬಲ್ಲ ನಿಯಮ. ಕಣ್ಣಿಗೆ ಕಾಣದ ಈ ಸೇವಕರ ಮೇಲೆ ಅವು ಹೊರಲಾರದ ಹೊರೆಯನ್ನು ಹೇರದಿರುವುದೇ ಪಾಶ್ಚರನ ಚರಿತ್ರೆಯನ್ನು ಓದಿದ ನಮ್ಮ ಕರ್ತವ್ಯವಾಗಿದೆ.