ಉಮರ್(ರ) ಸೋತ ವ್ಯಾಜ್ಯ

ಹಝ್ರತ್ ಉಮರ್(ರ) ಅಂದ ಕೂಡಲೇ ಮದ್ರಸದ ಮಕ್ಕಳು ನಮಗೆ ಹೇಳುವುದು ಖಡ್ಗ ಹಿಡಿದು ಹೊರಟವರು ತಂಗಿಯ ಮನೆಯಲ್ಲಿ ಕುರ್‌ಆನ್ ಕೇಳಿ ಕರಗಿದ ಕಥೆ, ಇಲ್ಲವಾದರೆ ಹಿಟ್ಟಿನ ಮೂಟೆ ಹೊತ್ತ ಕಥೆ. ಅವರು ಬರೀ ಒಬ್ಬ ತಂದೆಯಾಗಿ ಖಲೀಫರ ಮುಂದೆ ನಿಂತು ಸೋತದ್ದನ್ನು ನಾವು ಅಷ್ಟಾಗಿ ಹೇಳುವುದಿಲ್ಲ. ಇಮಾಮ್ ಮಾಲಿಕ್‌ರ ಮುವತ್ತಾದಲ್ಲಿ ಆ ಘಟನೆ ಇದೆ.

ಹಿಜ್‌ರಾದ ನಂತರ ಉಮರ್(ರ) ಮದೀನಾದ ಅನ್ಸಾರಿ ಮಹಿಳೆ ಜಮೀಲಾ ಬಿಂತ್ ಸಾಬಿತ್(ರ)ರನ್ನು ವರಿಸಿದ್ದರು. ಮಗ ಹುಟ್ಟಿದ, ಆಸಿಮ್ ಅಂತ ಹೆಸರು. ರಜೀಅ್‌ನಲ್ಲಿ ಶಹೀದರಾದ ಸೋದರಮಾವನ ಹೆಸರೂ ಅದೇ. ಆಮೇಲೆ ತಲಾಕ್ ಆಯ್ತು. ಜಮೀಲಾ ಬೇರೆ ಮದುವೆಯಾದರು.

ಅಬೂಬಕರ್(ರ) ಖಲೀಫರಾಗಿದ್ದ ಕಾಲ, ಅಂದರೆ 632 ಮತ್ತು 634ರ ನಡುವೆ. ಉಮರ್(ರ) ಮದೀನಾದ ಹೊರವಲಯದ ಕುಬಾಕ್ಕೆ ಹೋದಾಗ ಮಸೀದಿಯ ಅಂಗಳದಲ್ಲಿ ಆಸಿಮ್ ಆಡುತ್ತಿದ್ದ. ತಂದೆಯ ಕರುಳಲ್ಲವೇ, ತೋಳು ಹಿಡಿದು ಎತ್ತಿ ಸವಾರಿಯ ಮೇಲೆ ತನ್ನ ಮುಂದೆ ಕೂರಿಸಿಕೊಂಡೇಬಿಟ್ಟರು. ಅಷ್ಟರಲ್ಲಿ ಮಗುವಿನ ಅಜ್ಜಿ, ಜಮೀಲಾರ ತಾಯಿ, ಬೆನ್ನಟ್ಟಿ ಬಂದು ತಡೆದರು. ಮಾತಿಗೆ ಮಾತು ಬೆಳೆಯಿತು. ಎದುರಿಗಿದ್ದವರು ಯಾರು ನೋಡಿ! ಇಡೀ ಮಕ್ಕಾ ಹೆದರುತ್ತಿದ್ದ ಉಮರ್. ಅಜ್ಜಿ ಜಗ್ಗಲಿಲ್ಲ.

ಇಬ್ಬರೂ ಅಬೂಬಕರ್(ರ)ರ ಬಳಿಗೆ ಬಂದರು. ಇವನು ನನ್ನ ಮಗ ಎಂದು ಉಮರ್ ಹೇಳಿದರು, ನನ್ನ ಮಗ ಎಂದು ಅಜ್ಜಿಯೂ ಹೇಳಿದರು. ಉಮರ್ ಖಲೀಫರ ಬಲಗೈಯಂತಿದ್ದವರು. ಸಖೀಫಾದಲ್ಲಿ ಅವರಿಗೆ ಬೈಅತ್ ಮಾಡಲು ಮುಂದಾದವರೂ ಇವರೇ. ಆದರೆ ಆ ದಾಕ್ಷಿಣ್ಯ ಅಲ್ಲಿ ನಡೆಯಲಿಲ್ಲ. ಹುಡುಗನನ್ನು ಅಜ್ಜಿಗೆ ಬಿಟ್ಟುಕೊಡಬೇಕೆಂದು ತೀರ್ಪಾಯ್ತು. ಉಮರ್(ರ) ಮರುಮಾತಾಡಲಿಲ್ಲ. ಬೇರೆ ಕೆಲವು ವರದಿಗಳಲ್ಲಿ ಅಜ್ಜಿಯ ಬದಲು ತಾಯಿಯೇ ಬರುತ್ತಾರೆ, ತೀರ್ಪು ಮಾತ್ರ ಅದೇ.

ನಮ್ಮ ಜಮಾಅತ್‌ಗಳಿಗೆ ಬರುವ ಇಂಥ ತಗಾದೆಗಳಲ್ಲಿ ಮಗು ತಂದೆಯದ್ದು, ಅಜ್ಜಿಗೇನು ಹಕ್ಕು ಅಂತ ದಬಾಯಿಸುವವರೇ ಜಾಸ್ತಿ. ನಾವು ಅನುಸರಿಸುವ ಶಾಫಿಈ ಮಝ್‌ಹಬ್‌ನಲ್ಲಿ ಎಳೆಯ ಮಗುವಿನ ಪಾಲನೆಯ ಹಕ್ಕು ಮೊದಲು ತಾಯಿಗೆ, ಆಕೆ ಬೇರೆ ಮದುವೆಯಾದರೆ ಆಕೆಯ ತಾಯಿಗೆ. ಸುಮಾರು 7 ವರ್ಷಕ್ಕೆ ವಿವೇಚನೆ ಬಂದಾಗ ಆಯ್ಕೆ ಮಗುವಿನದ್ದು. ಮಗು ಎಲ್ಲೇ ಇರಲಿ, ಖರ್ಚು ಮಾತ್ರ ತಂದೆಯದ್ದೇ. ಇದನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ ಬಿಡಿ.

634ರಲ್ಲಿ ಉಮರ್ ಸ್ವತಃ ಖಲೀಫರಾದರು. 10 ವರ್ಷ ಆಳಿ, 644ರಲ್ಲಿ ಸುಬ್‌ಹಿ ನಮಾಝ್‌ನಲ್ಲಿ ಇರಿತಕ್ಕೊಳಗಾಗಿ ವಫಾತ್ ಆದರು. ಹಾಲಿಗೆ ನೀರು ಬೆರೆಸಲು ಒಪ್ಪದ ಬಡ ಹುಡುಗಿಯನ್ನು ಅವರು ಮದುವೆ ಮಾಡಿಸಿದ್ದು ಇದೇ ಆಸಿಮ್‌ಗೆ ಎಂದು ಚರಿತ್ರೆಕಾರರು ಹೇಳುತ್ತಾರೆ. ಆಸಿಮ್‌ರ ಮಗಳ ಮಗ, 717ರಲ್ಲಿ ಖಲೀಫರಾದ ಉಮರ್ ಬಿನ್ ಅಬ್ದುಲ್ ಅಝೀಝ್.