ಹಿಮಗಾಲದ ಹಾಡುಗಾರ ನ್ಯಾಟ್ ಕಿಂಗ್ ಕೋಲ್

ಕಾರವಾರಕ್ಕೂ ಅಂಕೋಲೆಗೂ ನಡುವೆ, ಅರ್ಗಾದ ಕಡಲಂಚಿನಲ್ಲಿ, ಡಿಸೆಂಬರ್ ತಿಂಗಳೆಂದರೆ ಹಿತವಾದ ಬೆಳಗು, ಬೆವರಿಳಿಸುವ ಮಧ್ಯಾಹ್ನ. ಹಿಮ ಬೀಳುವುದನ್ನು ಈ ತೀರ ಕಂಡದ್ದಿಲ್ಲ. ಆದರೂ ಕ್ರಿಸ್‌ಮಸ್ ಸಮೀಪಿಸಿದಾಗ ಇಲ್ಲಿನ ಕ್ರೈಸ್ತರ ಮನೆಗಳ ಮುಂದೆ ನಕ್ಷತ್ರದ ಗೂಡುದೀಪಗಳು ತೂಗುತ್ತವೆ. ಧ್ವನಿಮುದ್ರಿಕೆಗಳ ಮೂಲಕ ಲೋಕವನ್ನೆಲ್ಲ ಸುತ್ತಿರುವ ಇಂಗ್ಲಿಷ್ ಹಾಡುಗಳು ಯಾವುದೋ ದೂರದ ಚಳಿನಾಡಿನ ವರ್ಣನೆಯನ್ನು ಹೊತ್ತು ತರುತ್ತವೆ. ಅಂಥ ಹಾಡುಗಳಲ್ಲಿ ಅಗ್ರಗಣ್ಯವಾದ 'ದಿ ಕ್ರಿಸ್‌ಮಸ್ ಸಾಂಗ್' ಹುಟ್ಟಿದ್ದು ಹಿಮದಲ್ಲಲ್ಲ, ಸುಡುಬಿಸಿಲಿನಲ್ಲಿ ಎಂಬುದು ಒಂದು ವಿನೋದ. ಅದನ್ನು ಮನೆಮಾತಾಗಿಸಿದ ನ್ಯಾಟ್ ಕಿಂಗ್ ಕೋಲ್‌ನ ಬಾಳಿನಲ್ಲಿಯೂ ಒಂದು ವೈರುಧ್ಯವಿತ್ತು. ಆದರೆ ಅದು ವಿನೋದದ್ದಲ್ಲ. ಆತನ ಕಂಠವನ್ನು ಒಳಮನೆಗೆ ಬರಮಾಡಿಕೊಂಡ ಸಮಾಜವೇ ಆತನನ್ನು ಹೊಸ್ತಿಲಾಚೆ ನಿಲ್ಲಿಸಿತು.

ಆತನ ಹುಟ್ಟುಹೆಸರು ನಥಾನಿಯಲ್ ಆಡಮ್ಸ್ ಕೋಲ್ಸ್. ಜನನ 1919ರ ಮಾರ್ಚ್ 17ರಂದು, ಅಮೆರಿಕದ ದಕ್ಷಿಣಭಾಗದ ಅಲಬಾಮಾ ರಾಜ್ಯದ ಮಾಂಟ್‌ಗೊಮರಿ ನಗರದಲ್ಲಿ. ಕಪ್ಪುಜನರಿಗೆ ಶಾಲೆ ಬೇರೆ, ಬಂಡಿಯಲ್ಲಿ ಆಸನ ಬೇರೆ ಎಂದು ಕಾನೂನೇ ವಿಧಿಸಿದ್ದ ಕಾಲ, ನಾಡು ಅದು. ಮಗು ನಾಲ್ಕು ವರ್ಷದ್ದಾಗಿದ್ದಾಗ ಕುಟುಂಬ ಉತ್ತರದ ಶಿಕಾಗೋ ನಗರಕ್ಕೆ ವಲಸೆ ಹೋಯಿತು. ತಂದೆ ಎಡ್ವರ್ಡ್ ಬ್ಯಾಪ್ಟಿಸ್ಟ್ ಪಂಥದ ಧರ್ಮೋಪದೇಶಕನಾದನು. ತಾಯಿ ಪರ್ಲಿನಾ ಅವನ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದಳು. ಮಗನಿಗೆ ಪಿಯಾನೋದ ಮೊದಲ ಪಾಠ ಹೇಳಿದವಳು ಅವಳೇ. ಭಾನುವಾರದ ಭಜನೆ, ಬಾಖ್‌ನಿಂದ ಹಿಡಿದು ರಾಕ್ಮನಿನಾಫ್‌ವರೆಗಿನ ಶಾಸ್ತ್ರೀಯ ಸಂಗೀತ, ಶಿಕಾಗೋದ ರಾತ್ರಿಗಳಲ್ಲಿ ಅರಳಿದ ಜಾಜ್: ಈ ಮೂರೂ ಹುಡುಗನ ಬೆರಳುಗಳಲ್ಲಿ ಒಂದಾದವು. ಪಿಯಾನೋವಾದಕ ಅರ್ಲ್ ಹೈನ್ಸ್ ಅವನ ಮಾನಸ ಗುರು.

ಹದಿಹರೆಯದಲ್ಲಿಯೇ ಒಂದು ಸಂಗೀತನಾಟಕದ ತಂಡದೊಡನೆ ಊರು ಬಿಟ್ಟ ಕೋಲ್, ಆ ತಂಡ ಕ್ಯಾಲಿಫೋರ್ನಿಯಾದಲ್ಲಿ ಮುರಿದುಬಿದ್ದಾಗ ಅಲ್ಲಿಯೇ ಉಳಿದನು. ನಮ್ಮ ಕಂಪೆನಿ ನಾಟಕಗಳ ನಟರು ಎಷ್ಟೋ ಮಂದಿ ಉಂಡ ಕಷ್ಟವೇ ಅದು. 1937ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಗಿಟಾರಿನ ಆಸ್ಕರ್ ಮೂರ್, ಬಾಸ್ ವಾದ್ಯದ ವೆಸ್ಲಿ ಪ್ರಿನ್ಸ್ ಇವರೊಡಗೂಡಿ ಮೂವರ ಮೇಳವೊಂದನ್ನು ಕಟ್ಟಿದನು. ಹದಿನೈದಿಪ್ಪತ್ತು ವಾದ್ಯಗಳು ಒಟ್ಟಿಗೆ ಮೊಳಗಿ ಜನರನ್ನು ಕುಣಿಸುತ್ತಿದ್ದ 'ಸ್ವಿಂಗ್' ಸಂಗೀತದ ಭರಾಟೆಯ ದಿನಗಳಲ್ಲಿ, ತಾಳವಾದ್ಯವೂ ಇಲ್ಲದ ಈ ಚಿಕ್ಕ ಮೇಳ ಒಂದು ಸಾಹಸವೇ ಸರಿ. 1943ರಲ್ಲಿ ಕ್ಯಾಪಿಟಲ್ ಎಂಬ ಧ್ವನಿಮುದ್ರಣ ಸಂಸ್ಥೆ ಅವನನ್ನು ಸೇರಿಸಿಕೊಂಡಿತು. ತಂದೆ ಉಪದೇಶದಲ್ಲಿ ಹೇಳುತ್ತಿದ್ದ ಹದ್ದು-ಕೋತಿಗಳ ನೀತಿಕತೆಯೊಂದನ್ನೇ ಹಾಡಾಗಿಸಿ ಆತನು ಪಡೆದ ಜಯ ಮೇಳವನ್ನು ದೇಶಕ್ಕೆಲ್ಲ ಪರಿಚಯಿಸಿತು.

ವಾದಕನಾಗಿದ್ದ ಕೋಲ್ ಗಾಯಕನಾದ ಬಗೆಯನ್ನು ತಿಳಿಯಲು ಒಂದು ಯಂತ್ರವನ್ನು ನೆನೆಯಬೇಕು. ಬಯಲಾಟದ ಭಾಗವತನು ಚೆಂಡೆ ಮದ್ದಳೆಗಳನ್ನು ಮೀರಿಸಿ ತನ್ನ ಸ್ವರವನ್ನು ಕೊನೆಯ ಸಾಲಿನ ಪ್ರೇಕ್ಷಕನಿಗೆ ಮುಟ್ಟಿಸಬೇಕಾಗಿದ್ದಂತೆ, ಪಶ್ಚಿಮದ ಗಾಯಕನೂ ಸಭಾಂಗಣವನ್ನು ಕಂಠಬಲದಿಂದಲೇ ತುಂಬಬೇಕಾಗಿತ್ತು. 1920ರ ದಶಕದಲ್ಲಿ ಬಂದ ವಿದ್ಯುತ್ ಮೈಕ್ರೊಫೋನು ಆ ಕಟ್ಟನ್ನು ಬಿಡಿಸಿತು. ಪಿಸುದನಿಯೂ ಲಕ್ಷಾಂತರ ಕಿವಿಗಳನ್ನು ಮುಟ್ಟುವಂತಾಯಿತು. ಕಿವಿಯ ಬಳಿ ಕುಳಿತು ಮಾತಾಡಿದಂತೆ ಹಾಡುವ ಈ ಗಾಯಕರಿಗೆ 'ಕ್ರೂನರ್' ಎಂದು ಹೆಸರು. ಅವರಲ್ಲಿ ಹಿರಿಯನಾದ ಬಿಂಗ್ ಕ್ರಾಸ್ಬಿ 1942ರಲ್ಲಿ, ಯುದ್ಧದ ನಡುವೆ, 'ವೈಟ್ ಕ್ರಿಸ್‌ಮಸ್' ಹಾಡಿ ಮನೆಯಿಂದ ದೂರವಿದ್ದ ಸೈನಿಕರ ಹೃದಯವನ್ನು ಕಲಕಿದ್ದನು. ಕೋಲ್ ಆ ದಾರಿಯಲ್ಲಿ ನಡೆದರೂ ಅವನ ದನಿ ಬೇರೆ. ಅದರಲ್ಲಿ ತುಸು ಒರಟುತನವಿತ್ತು, ಬೆಚ್ಚಗಿನ ಹೊಗೆಯ ಸೋಂಕಿತ್ತು; ಪ್ರತಿಯೊಂದು ಅಕ್ಷರವೂ ಸ್ಫುಟವಾಗಿತ್ತು.

1945ರ ಬೇಸಗೆಯ ಒಂದು ದಿನ, ಕ್ಯಾಲಿಫೋರ್ನಿಯಾದಲ್ಲಿ ರಾಬರ್ಟ್ ವೆಲ್ಸ್ ಎಂಬ ಕವಿ ಸೆಖೆ ತಾಳಲಾರದೆ, ಮನಸ್ಸಾದರೂ ತಂಪಾಗಲೆಂದು, ಚಳಿಗಾಲದ ಚಿತ್ರಗಳನ್ನು ಕಾಗದದ ಮೇಲೆ ಗೀಚಿಟ್ಟಿದ್ದನು. ಅವನ ಗೆಳೆಯ, ಹತ್ತೊಂಬತ್ತರ ಹರೆಯದ ಮೆಲ್ ಟಾರ್ಮೆ ಅದನ್ನು ಕಂಡು ಹಾಡಿನ ಬೀಜವನ್ನು ಗುರುತಿಸಿದನು. ಗಂಟೆ ಕಳೆಯುವುದರೊಳಗೆ ಹಾಡು ಸಿದ್ಧವಾಯಿತು. ಕೋಲ್ ಅದನ್ನು 1946ರ ಜೂನ್ 14ರಂದು ನ್ಯೂಯಾರ್ಕಿನಲ್ಲಿ ತನ್ನ ಮೇಳದೊಡನೆ ಮುದ್ರಿಸಿದನು. ಏನೋ ಸಾಲದೆಂದು ಅವನಿಗೆ ತೋರಿತು. ಸಂಸ್ಥೆಯವರಿಗೆ ಒಲವಿರದಿದ್ದರೂ ಒತ್ತಾಯಿಸಿ, ಆಗಸ್ಟ್ 19ರಂದು ತಂತಿವಾದ್ಯಗಳನ್ನು ಸೇರಿಸಿ ಮರಳಿ ಹಾಡಿದನು. ಆ ಎರಡನೆಯ ಮುದ್ರಣವೇ ವರ್ಷಾಂತ್ಯದಲ್ಲಿ ಮನೆಮನೆಯನ್ನು ಹೊಕ್ಕಿತು. ತೃಪ್ತನಾಗದ ಆತ 1953ರಲ್ಲಿ ದೊಡ್ಡ ವಾದ್ಯವೃಂದದೊಡನೆ, 1961ರಲ್ಲಿ ಸ್ಟೀರಿಯೋ ತಂತ್ರದಲ್ಲಿ ಮತ್ತೆ ಹಾಡಿದನು. ಇಂದು ಹೆಚ್ಚಾಗಿ ಕೇಳಿಬರುವುದು ಈ ನಾಲ್ಕನೆಯದು. ಹದಿನೈದು ವರ್ಷ ಒಂದೇ ಹಾಡನ್ನು ಹೀಗೆ ಮಥಿಸಿದವನ ನಿಷ್ಠೆ ಕಡಿಮೆಯದಲ್ಲ.

ಒಲೆಯ ಬಳಿ ಮನೆಮಂದಿಯೆಲ್ಲ ನೆರೆದ ನೆಮ್ಮದಿಯನ್ನು ಹಾಡಿದ ಈತನಿಗೆ ತನ್ನ ಮನೆಯಲ್ಲಿ ನೆಮ್ಮದಿ ಸಿಕ್ಕಿತೇ? 1948ರಲ್ಲಿ, 'ನೇಚರ್ ಬಾಯ್' ಹಾಡು ದೇಶದಲ್ಲೆಲ್ಲ ಮೊದಲ ಸ್ಥಾನಕ್ಕೇರಿದ ವರ್ಷದಲ್ಲಿಯೇ, ಆತನೂ ಪತ್ನಿ ಮರಿಯಾಳೂ ಲಾಸ್ ಏಂಜಲೀಸ್‌ನ ಹ್ಯಾನ್ಕಾಕ್ ಪಾರ್ಕ್ ಎಂಬ ಸಿರಿವಂತರ ಬಡಾವಣೆಯಲ್ಲಿ ಮನೆ ಕೊಂಡರು. ಬಿಳಿಯರಲ್ಲದವರಿಗೆ ಮನೆ ಮಾರಕೂಡದೆಂಬ ಕರಾರುಗಳನ್ನು ನ್ಯಾಯಾಲಯಗಳು ಜಾರಿಗೊಳಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಆ ಮೇ ತಿಂಗಳಲ್ಲಷ್ಟೇ ತೀರ್ಪಿತ್ತಿತ್ತು. ಆದರೆ ನೆರೆಹೊರೆಯವರ ಮನಸ್ಸಿಗೆ ಆ ತೀರ್ಪು ತಾಗಲಿಲ್ಲ. ಅನಪೇಕ್ಷಿತರು ಬರುವುದು ತಮಗೆ ಬೇಡವೆಂದು ಅವರು ತಿಳಿಸಿದರು. ತನಗೂ ಅಂಥವರು ಬೇಡ, ಯಾರಾದರೂ ಕಂಡುಬಂದರೆ ಮೊದಲು ತಾನೇ ದೂರು ಕೊಡುತ್ತೇನೆ ಎಂಬರ್ಥದ ಮಾತನ್ನು ಕೋಲ್ ತಣ್ಣಗೆ ಆಡಿದನು. ಅಂಗಳದ ಹುಲ್ಲಿನ ಮೇಲೆ ಬೆಂಕಿಯಿಂದ ಬೈಗುಳವನ್ನು ಬರೆದರು. ಸಾಕಿದ ನಾಯಿಗೆ ವಿಷವಿಟ್ಟರು. ಕುಟುಂಬ ಮನೆ ಬಿಡಲಿಲ್ಲ.

ಇದಕ್ಕಿಂತ ದಾರುಣವಾದುದು 1956ರ ಏಪ್ರಿಲ್ 10ರ ಸಂಗತಿ. ಹುಟ್ಟಿದ ಅಲಬಾಮಾದಲ್ಲಿಯೇ, ಬರ್ಮಿಂಗ್‌ಹ್ಯಾಮ್ ನಗರದ ಸಭಾಂಗಣದಲ್ಲಿ, ಬಿಳಿಯರ ಸಭೆಯೆದುರು ಹಾಡುತ್ತಿದ್ದಾಗ ವರ್ಣದ್ವೇಷಿಗಳ ಗುಂಪೊಂದು ರಂಗಕ್ಕೆ ನುಗ್ಗಿ ಅವನನ್ನು ಕೆಡವಿತು. ಬೆನ್ನಿಗೆ ಪೆಟ್ಟಾಯಿತು. ಮುಂದೆಂದೂ ಆತನು ದಕ್ಷಿಣದ ರಾಜ್ಯಗಳಲ್ಲಿ ಹಾಡಲಿಲ್ಲ. ಇತ್ತ ಸ್ವಜನರಿಂದಲೂ ನಿಷ್ಠುರ ತಪ್ಪಲಿಲ್ಲ. ಬಿಳಿಯರಿಗೇ ಮೀಸಲಾದ ಸಭೆಯಲ್ಲಿ ಹಾಡಿದ್ದೇಕೆಂದು ಕಪ್ಪುಜನರ ಪತ್ರಿಕೆಗಳು ಕಟುವಾಗಿ ಕೇಳಿದವು. ಆ ಪ್ರಶ್ನೆ ನ್ಯಾಯವಾದದ್ದೇ. ತನಗೆ ಕೋಣೆ ನಿರಾಕರಿಸಿದ ಉತ್ತರದ ಹೋಟೆಲುಗಳ ಮೇಲೆ ಹಿಂದೆ ಮೊಕದ್ದಮೆ ಹೂಡಿದ್ದ ಕೋಲ್‌ನಿಗೂ ಅದರ ತೂಕ ತಿಳಿದಿತ್ತು. ಕಪ್ಪುಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ರಾಷ್ಟ್ರೀಯ ಸಂಘಕ್ಕೆ 500 ಡಾಲರು ಸಲ್ಲಿಸಿ ಆತನು ಆಜೀವ ಸದಸ್ಯನಾದನು.

ಅದೇ ವರ್ಷದ ನವೆಂಬರ್ 5ರಂದು ಎನ್‌ಬಿಸಿ ದೂರದರ್ಶನದಲ್ಲಿ ಆತನ ಹೆಸರಿನ ಕಾರ್ಯಕ್ರಮ ಆರಂಭವಾಯಿತು. ಎಲ್ಲಾ ಫಿಟ್ಜ್‌ಜೆರಾಲ್ಡ್, ಹ್ಯಾರಿ ಬೆಲಫಾಂಟೆಯಂಥವರು ಅಲ್ಪ ಸಂಭಾವನೆಗೆ ಬಂದು ಹಾಡಿದರು. ಆದರೂ ದಕ್ಷಿಣದ ಗಿರಾಕಿಗಳು ಮುನಿದಾರೆಂಬ ಭಯದಿಂದ ದೇಶವ್ಯಾಪಿ ವ್ಯಾಪಾರ ಸಂಸ್ಥೆಯೊಂದೂ ಪ್ರಾಯೋಜಿಸಲು ಮುಂದೆ ಬರಲಿಲ್ಲ. 1957ರ ಡಿಸೆಂಬರ್ 17ರಂದು, ಕ್ರಿಸ್‌ಮಸ್ಸಿಗೆ ವಾರವಿರುವಾಗ, ಕೋಲ್ ತಾನಾಗಿ ಅದನ್ನು ಮುಗಿಸಿದನು.

ದಿನಕ್ಕೆ ಮೂರು ಪೊಟ್ಟಣ ಸಿಗರೇಟು ಸೇದುತ್ತಿದ್ದ ಆತ, ಕಂಠದ ಗಾಂಭೀರ್ಯಕ್ಕೆ ಹೊಗೆಯೇ ಕಾರಣವೆಂದು ನಂಬಿದ್ದನು. ಆ ನಂಬಿಕೆಯ ಬೆಲೆ ದೊಡ್ಡದಾಯಿತು. 1964ರ ಡಿಸೆಂಬರಿನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಪತ್ತೆಯಾಯಿತು. ಅವನ ಹಾಡು ಲೋಕವನ್ನೆಲ್ಲ ತುಂಬಿದ್ದ ಕ್ರಿಸ್‌ಮಸ್ ಕಾಲದಲ್ಲಿ ಅವನು ರೋಗಶಯ್ಯೆಯಲ್ಲಿದ್ದನು. 1965ರ ಫೆಬ್ರವರಿ 15ರಂದು, ನಲವತ್ತೈದನೆಯ ವಯಸ್ಸಿನಲ್ಲಿ, ಸ್ಯಾಂಟಾ ಮೋನಿಕಾದ ಆಸ್ಪತ್ರೆಯಲ್ಲಿ ತೀರಿಕೊಂಡನು. ಆ ಕ್ರಿಸ್‌ಮಸ್ ಹಾಡಿನ 1961ರ ಮುದ್ರಣವನ್ನು ಅಮೆರಿಕದ ರಾಷ್ಟ್ರೀಯ ಧ್ವನಿಭಂಡಾರದ ಪಟ್ಟಿಗೆ 2022ರಲ್ಲಿ ಸೇರಿಸಲಾಯಿತು.

ಉಡುಪಿಯ ಗುಡಿಯ ಹೊರಗೆ ನಿಂತು ಹಾಡಿದ ಕನಕದಾಸರ ಕಡೆಗೆ ದೇವರೇ ತಿರುಗಿದನೆಂಬ ಐತಿಹ್ಯವನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಗೋಡೆ ಬಿರಿದು ಕಿಂಡಿಯಾಯಿತೆನ್ನುವಾಗ, ಬಾಗಿಲು ಮುಚ್ಚಿಯೇ ಇತ್ತೆಂಬುದನ್ನು ಮರೆಯುತ್ತೇವೆ. ಕೋಲ್‌ನ ಹಾಡೂ ಅಂಥ ಕಿಂಡಿಯೊಂದನ್ನು ತೆರೆಯಿತು. ಅದರಾಚೆಯ ಬಾಗಿಲನ್ನು ತೆರೆಯುವುದು ಹಾಡಿನ ಕೆಲಸವಾಗಿರಲಿಲ್ಲ, ಕೇಳುಗರ ಕೆಲಸವಾಗಿತ್ತು. ಆತನು ದನಿಯನ್ನು ಏರಿಸಲಿಲ್ಲವೆಂದು ಆಕ್ಷೇಪಿಸಿದವರಿಗೆ ಅವರದೇ ಕಾರಣಗಳಿದ್ದವು. ಆದರೆ ಅಷ್ಟೊಂದು ದ್ವೇಷವನ್ನು ಉಂಡೂ ಆ ದನಿಯಲ್ಲಿ ಕಹಿ ಇಳಿಯಲಿಲ್ಲ. ಹಬ್ಬದ ಹಾರೈಕೆಯನ್ನು ಎಳೆಯರಿಗೂ ಮುದುಕರಿಗೂ ಭೇದವಿಲ್ಲದೆ ಹಂಚಿದವನಿಗೆ ಆ ಹಾರೈಕೆಯನ್ನು ಮರಳಿ ಕೊಡುವ ಸಾಲ ಲೋಕದ ಮೇಲೆ ಇನ್ನೂ ಉಳಿದಿದೆ.